ಅಡಗೂಲಜ್ಜಿ ಕಥೆಗೆ ವಿಜ್ಞಾನ ಶಿಕ್ಷಕರ ಶಿಫಾರಸು

ವಿಜ್ಞಾನ ಕಲಿಸುವವರು ಮಕ್ಕಳ ಕೈಗೆ ಮಾಯಾಮಂತ್ರದ ಕಥೆಪುಸ್ತಕ ಕೊಡಬಹುದೇ? ಬೋಧನಾಭ್ಯಾಸದ ದಿನಗಳಲ್ಲಿ ಈ ಪ್ರಶ್ನೆ ನಮ್ಮ ತಂಡದಲ್ಲಿ ಮತ್ತೆ ಮತ್ತೆ ಬಂತು. ಕೊಡಬಾರದು ಎನ್ನುವವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕರ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ(ಎಚ್) ವಿಧಿ ಹೇಳುತ್ತದೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ನಮ್ಮ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗಿಂತ ಮೊದಲು ತಾಯತ ಕಟ್ಟಿಸುವ ಮನೆಗಳು ಇನ್ನೂ ಇವೆ. ಹೀಗಿರುವಾಗ ಬೆಳಗ್ಗೆ ಸೂಕ್ಷ್ಮಜೀವಿಗಳ ಪಾಠ ಮಾಡಿ, ಮಧ್ಯಾಹ್ನ ಗ್ರಂಥಾಲಯ ಅವಧಿಯಲ್ಲಿ ಬೇತಾಳನ ಕಥೆ ಕೊಡುವುದು ಒಂದು ಕೈಯಲ್ಲಿ ಕಟ್ಟಿ ಇನ್ನೊಂದು ಕೈಯಲ್ಲಿ ಕೆಡವಿದಂತಲ್ಲವೇ?

ಅಲ್ಲ ಎಂಬುದು ನನ್ನ ಅಭಿಪ್ರಾಯ. ನಾವು ಅಸಡ್ಡೆಯಿಂದ 'ಅಡಗೂಲಜ್ಜಿ ಕಥೆ' ಎಂದು ಕರೆಯುವ ಅದ್ಭುತ ಕಥೆಗಳು ಮೌಢ್ಯದ ಪರವಾಗಿ ನಿಲ್ಲುವುದಿಲ್ಲ. 'ಹೀಗಿದ್ದರೆ' ಎಂದು ಊಹಿಸುವುದಕ್ಕೂ 'ಹೀಗೇ ಇದೆ' ಎಂದು ನಂಬುವುದಕ್ಕೂ ಇರುವ ವ್ಯತ್ಯಾಸವನ್ನು ಮಗು ಮೊದಲು ಕಲಿಯುವುದು ಇಂಥ ಕಥೆಗಳಿಂದಲೇ. ಆ ವ್ಯತ್ಯಾಸ ಗೊತ್ತಿಲ್ಲದ ಮಗುವಿಗೆ ವಿಜ್ಞಾನ ಕಲಿಸುವುದು ಕಷ್ಟ. ಆದ್ದರಿಂದ ಇವುಗಳನ್ನು ಶಿಫಾರಸು ಮಾಡುವ ಕೆಲಸ ಭಾಷಾ ಶಿಕ್ಷಕರದು ಎಂದು ವಿಜ್ಞಾನದವರು ಸುಮ್ಮನಿರುವಂತಿಲ್ಲ.

ಬೀರುವಿನಲ್ಲಿ ಇರುವುದು, ಇಲ್ಲದಿರುವುದು

ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯ ಪ್ರಕಾರ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು. ಅಲ್ಲಿ ದಿನಪತ್ರಿಕೆ, ನಿಯತಕಾಲಿಕ ಮತ್ತು ಎಲ್ಲ ವಿಷಯಗಳ ಪುಸ್ತಕಗಳು ಇರಬೇಕು. ಅಷ್ಟಕ್ಕೇ ನಿಲ್ಲದೆ 'ಕಥೆಪುಸ್ತಕಗಳೂ ಸೇರಿದಂತೆ' ಎಂದು ಕಾಯ್ದೆ ಬಿಡಿಸಿ ಹೇಳಿದೆ. ಕಾನೂನು ಬರೆದವರಿಗೆ ಕಥೆಪುಸ್ತಕ ಮರೆತುಹೋಗುವ ವಸ್ತು ಎಂದು ಗೊತ್ತಿತ್ತೆಂದು ಕಾಣುತ್ತದೆ.

ನಾನು ಬೋಧನಾಭ್ಯಾಸಕ್ಕೆ ಹೋಗಿದ್ದುದು ಮರಳವಾಡಿ ಕಡೆಯ ಒಂದು ಶಾಲೆಗೆ. ಅಲ್ಲಿಯ ಬೀರುವಿನಲ್ಲಿ ಪುಸ್ತಕಗಳಿಗೆ ಬರವಿರಲಿಲ್ಲ. ಮಹಾಪುರುಷರ ಜೀವನಚರಿತ್ರೆಗಳು, ಸಾಮಾನ್ಯ ಜ್ಞಾನದ ಪುಸ್ತಕಗಳು, ಪ್ರಬಂಧ ಮಾಲೆಗಳು, ಪ್ರತಿ ಪುಟದ ಕೊನೆಗೆ ನೀತಿ ಬರೆದ ಕಥೆಗಳು ಸಾಲಾಗಿ ಇದ್ದವು. ಎಂಟನೇ ತರಗತಿಯ ಮಕ್ಕಳು ಅವನ್ನು ಒಯ್ದು ಮಾರನೆಯ ದಿನವೇ ಹಿಂದಿರುಗಿಸುತ್ತಿದ್ದರು. ಚೆನ್ನಾಗಿ ಓದಿ ಸವೆದಿದ್ದ ಪುಸ್ತಕ ಒಂದೇ ಒಂದು. ರಟ್ಟು ಕಳಚಿ, ಕೊನೆಯ ಪುಟಗಳು ಕಿತ್ತುಹೋಗಿದ್ದ ರಾಜಕುಮಾರ-ರಾಕ್ಷಸರ ಕಥೆ ಅದು. ಕೊನೆಯೇ ಇಲ್ಲದ್ದರಿಂದ, ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಇಟ್ಟಿದ್ದ ರಾಕ್ಷಸ ಹೇಗೆ ಸತ್ತ ಎಂಬುದಕ್ಕೆ ತರಗತಿಯಲ್ಲಿ ಮೂರು ನಾಲ್ಕು ಉತ್ತರಗಳು ಚಾಲ್ತಿಯಲ್ಲಿದ್ದವು. ಒಬ್ಬ ಹುಡುಗನ ಪ್ರಕಾರ ರಾಕ್ಷಸ ಸತ್ತೇ ಇರಲಿಲ್ಲ. ಬೇರೆ ಯಾವ ಪುಸ್ತಕದ ಬಗ್ಗೆಯೂ ಆ ಮಕ್ಕಳು ಹೀಗೆ ಜಗಳವಾಡಿದ್ದನ್ನು ನಾನು ನೋಡಲಿಲ್ಲ.

ಮನೆಗಳಲ್ಲಿ ಬಳಸುವ ಮಾತನ್ನೂ ಗಮನಿಸಿ. ಹುಡುಗಿ ಪಠ್ಯಪುಸ್ತಕ ಹಿಡಿದಿದ್ದರೆ 'ಓದುತ್ತಿದ್ದಾಳೆ' ಎನ್ನುತ್ತಾರೆ. ಕಥೆಪುಸ್ತಕ ಹಿಡಿದಿದ್ದರೆ 'ಓದೋದು ಬಿಟ್ಟು ಕಥೆ ಪುಸ್ತಕ ಹಿಡಿದಿದ್ದಾಳೆ' ಎನ್ನುತ್ತಾರೆ. ಎರಡನೆಯದು ಓದಿನ ಲೆಕ್ಕಕ್ಕೇ ಬರುವುದಿಲ್ಲ. ಹತ್ತನೇ ತರಗತಿ ಹತ್ತಿರವಾದಂತೆ ಶಾಲೆಯೂ ಇದೇ ಮಾತಾಡುತ್ತದೆ. ಹಾಗೆಂದು ಮಕ್ಕಳು ಅದ್ಭುತ ಲೋಕಗಳನ್ನು ಬಿಟ್ಟಿರುತ್ತಾರೆಯೇ? ಟಿವಿಯ ಛೋಟಾ ಭೀಮ್, ಮೊಬೈಲಿನ ಆಟಗಳು, ಡಬ್ಬಿಂಗ್ ಸಿನಿಮಾಗಳ ಮೂಲಕ ಅವು ಮನೆಯೊಳಗೇ ಇವೆ. ಮಕ್ಕಳಿಗೆ ಫ್ಯಾಂಟಸಿ ಬೇಕೇ ಬೇಡವೇ ಎಂದು ತೀರ್ಮಾನಿಸುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ಅದು ಅಕ್ಷರದ ರೂಪದಲ್ಲಿ, ಅವರದೇ ಭಾಷೆಯಲ್ಲಿ, ನಿಲ್ಲಿಸಿ ಯೋಚಿಸಲು ಬಿಡುವು ಕೊಡುವಂತೆ ಸಿಗಬೇಕೇ ಎಂಬುದನ್ನು ಮಾತ್ರ ನಾವು ತೀರ್ಮಾನಿಸಬಹುದು.

ಎರಡು ಬಿಂದಿಗೆ ನೀರು

ಎ.ಕೆ. ರಾಮಾನುಜನ್ ಕನ್ನಡದಲ್ಲಿ ಸಂಗ್ರಹಿಸಿದ ಜನಪದ ಕಥೆಗಳಲ್ಲಿ ಹೂಮರವಾಗುವ ಹುಡುಗಿಯ ಕಥೆ ಪ್ರಸಿದ್ಧ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನೇ ಆಧರಿಸಿ 'ಚೆಲುವಿ' ಎಂಬ ಚಿತ್ರ ಮಾಡಿದರು. ಬಡ ಮನೆಯ ಹುಡುಗಿಯೊಬ್ಬಳು ತನ್ನ ಮೇಲೆ ಒಂದು ಬಿಂದಿಗೆ ನೀರು ಸುರಿಸಿಕೊಂಡು ಹೂಬಿಟ್ಟ ಮರವಾಗುತ್ತಾಳೆ. ಅಕ್ಕ ಒಂದು ಎಲೆಯೂ ಮುರಿಯದಂತೆ ಹೂ ಬಿಡಿಸಿಕೊಂಡು ಇನ್ನೊಂದು ಬಿಂದಿಗೆ ನೀರು ಸುರಿದರೆ ಅವಳು ಮತ್ತೆ ಹುಡುಗಿ. ಮದುವೆಯಾದ ಮೇಲೆ ನಾದಿನಿ ಅವಳನ್ನು ಗೆಳತಿಯರ ಮುಂದೆ ಬಲವಂತವಾಗಿ ಮರವಾಗಿಸುತ್ತಾಳೆ. ಹುಡುಗಿಯರು ಕೊಂಬೆ ಮುರಿದು, ನೀರನ್ನು ಅಜಾಗರೂಕತೆಯಿಂದ ಚೆಲ್ಲಿ ಹೋಗುತ್ತಾರೆ. ಅವಳು ಕೈಕಾಲಿಲ್ಲದ ಅರೆದೇಹವಾಗಿ ಉಳಿಯುತ್ತಾಳೆ.

ಈ ಕಥೆಯನ್ನು ನಾನು ಗ್ರಂಥಾಲಯ ಅವಧಿಯಲ್ಲಿ ಬಾಯಿಯಲ್ಲೇ ಹೇಳಿದೆ. ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: "ಎರಡು ಬಿಂದಿಗೆ ನೀರಲ್ಲಿ ಅಷ್ಟು ದೊಡ್ಡ ಮರ ಹೆಂಗ್ ಮಿಸ್ ಆಯ್ತದೆ? ಮಿಕ್ಕಿದ್ ತೂಕ ಎಲ್ಲಿಂದ ಬಂತು?" ರೇಷ್ಮೆ ಸಾಕುವ ಮನೆಯ ಹುಡುಗಿಯೊಬ್ಬಳು ಅವನಿಗೇ ತಿರುಗಿಬಿದ್ದಳು: "ಹುಳ ಗೂಡು ಕಟ್ಟಿ ಚಿಟ್ಟೆ ಆಗದು ನಿಜ ಅಂತೀಯ, ಹುಡ್ಗಿ ಮರ ಆಗದು ಮಾತ್ರ ಸುಳ್ಳಾ?"

ಎರಡೂ ಒಳ್ಳೆಯ ಪ್ರಶ್ನೆಗಳು. ಎರಡಕ್ಕೂ ವಿಜ್ಞಾನದಲ್ಲಿ ಜಾಗ ಇದೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ನಮ್ಮ ಮಕ್ಕಳಿಗೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುವುದೂ ಗೊತ್ತು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಂಕಿಗೆ ಬಿಡುವುದೂ ಗೊತ್ತು. ಆದರೆ ಗೂಡು ಮಾರುಕಟ್ಟೆಗೆ ಹೋಗಿಬಿಡುವುದರಿಂದ ಚಿಟ್ಟೆ ಹೊರಬರುವುದನ್ನು ಮನೆಯಲ್ಲಿ ನೋಡಿದವರು ಕಡಿಮೆ. ಅದನ್ನು ಅವರು ಪುಸ್ತಕ ಹೇಳಿದ್ದರಿಂದ ಒಪ್ಪಿಕೊಂಡಿದ್ದಾರೆ. ಹುಡುಗಿಯ ಮಾತಿನ ತಿರುಳು ಇಷ್ಟೇ: ಎರಡನ್ನೂ ನಾನು ಕಂಡಿಲ್ಲ, ಒಂದನ್ನು ನಿಜ ಇನ್ನೊಂದನ್ನು ಕಥೆ ಎನ್ನಲು ಆಧಾರವೇನು? ಪುರಾವೆ ಎಂದರೇನು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆಯನ್ನು ನಾನು ಪಾಠಯೋಜನೆಯಲ್ಲಿ ಬರೆದಿರಲಿಲ್ಲ. ಹೊರಬರುವ ಚಿಟ್ಟೆಯನ್ನು ಯಾರು ಬೇಕಾದರೂ, ಎಷ್ಟು ಸಲ ಬೇಕಾದರೂ ನೋಡಬಹುದು. ನಾಲ್ಕು ಗೂಡು ಉಳಿಸಿಕೊಂಡರೆ ಸಾಕು ಎಂಬ ಉತ್ತರವನ್ನು ತರಗತಿಯೇ ಕಂಡುಕೊಂಡಿತು.

ಹುಡುಗನ ತೂಕದ ಪ್ರಶ್ನೆ ನಮ್ಮನ್ನು ವಾನ್ ಹೆಲ್ಮಾಂಟ್‌ನ ಬಳಿಗೆ ಕರೆದೊಯ್ದಿತು. 17ನೇ ಶತಮಾನದ ಈ ವಿಜ್ಞಾನಿ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟು, 5 ವರ್ಷ ಬರಿಯ ನೀರು ಹಾಕಿದ. ಗಿಡ ಸುಮಾರು 169 ಪೌಂಡ್ ಆಯಿತು, ಮಣ್ಣಿನ ತೂಕ ಇಳಿದದ್ದು 2 ಔನ್ಸಿನಷ್ಟು ಮಾತ್ರ. ಮರ ಆಗಿರುವುದು ನೀರಿನಿಂದಲೇ ಎಂದು ಅವನು ತೀರ್ಮಾನಿಸಿದ. ಗಾಳಿಯ ಇಂಗಾಲದ ಡೈಆಕ್ಸೈಡಿನ ಪಾತ್ರ ತಿಳಿದದ್ದು ಬಹಳ ಕಾಲದ ನಂತರ. ನಮ್ಮ ಜನಪದ ಕಥೆ ಹೇಳಿದ ಅಜ್ಜಿಯೂ ಅಳತೆ ಮಾಡಿದ ವಿಜ್ಞಾನಿಯೂ ಮರವನ್ನು ನೀರಿನಿಂದಲೇ ಕಟ್ಟಿದರು. ಆದರೆ ಅವನು ತೂಕ ಮಾಡಿ ಲೆಕ್ಕ ಬರೆದಿಟ್ಟದ್ದರಿಂದ ಮುಂದಿನವರು ಅವನ ತಪ್ಪನ್ನು ತಿದ್ದಲು ಸಾಧ್ಯವಾಯಿತು. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಸಿಗದ ಕುತೂಹಲ ಅಂದು ಸಿಕ್ಕಿತು.

ಆದರೆ ಕಥೆಯ ಉಪಯೋಗವನ್ನು ಇಲ್ಲಿಗೆ ಕಟ್ಟಿಹಾಕಿದರೆ ಅನ್ಯಾಯ. ಪಾಠಕ್ಕೆ ನೆರವಾಗದಿದ್ದರೂ ಆ ಕಥೆ ಹೇಳತಕ್ಕದ್ದೇ. ಮೈ ಬೆಳೆಯುವ ವಯಸ್ಸಿನ ಹುಡುಗಿಯರಿಗೆ, ತನ್ನ ಒಪ್ಪಿಗೆಯಿಲ್ಲದೆ ಬೇರೆಯವರ ಮುಂದೆ ಮರವಾಗಬೇಕಾದವಳ ನೋವನ್ನು ನಾನು ವಿವರಿಸಬೇಕಾಗಲಿಲ್ಲ. ಕೊಂಬೆ ಮುರಿಯುವ ಭಾಗ ಬಂದಾಗ ಹಿಂದಿನ ಬೆಂಚುಗಳ ಪಿಸುಮಾತು ತಾನಾಗಿ ನಿಂತಿತ್ತು.

'ಹೀಗಿದ್ದರೆ' ಎಂಬ ಅಭ್ಯಾಸ

ವಿಜ್ಞಾನದ ಪುಸ್ತಕಗಳಲ್ಲೇ ಎಷ್ಟು ಕಟ್ಟುಕಥೆಗಳಿವೆ ಎಂದು ನಾವು ಯೋಚಿಸುವುದಿಲ್ಲ. ಘರ್ಷಣೆಯೇ ಇಲ್ಲದ ಮೇಲ್ಮೈ, ದ್ರವ್ಯರಾಶಿಯೇ ಇಲ್ಲದ ಹಗ್ಗ, ಆದರ್ಶ ಅನಿಲ ಇವೆಲ್ಲ ಭೂಮಿಯ ಮೇಲೆ ಎಲ್ಲೂ ಇಲ್ಲ. ಇವೆ ಎಂದು ಊಹಿಸಿಕೊಂಡು, ಆಗ ಏನಾಗುತ್ತದೆ ಎಂದು ನಿಯಮಬದ್ಧವಾಗಿ ಯೋಚಿಸುತ್ತೇವೆ. ಪ್ರೌಢಶಾಲೆಯಲ್ಲಿ ಹಲವು ಮಕ್ಕಳು ತೊಡಕುವುದು ಇಲ್ಲೇ. "ಘರ್ಷಣೆ ಇಲ್ಲದ ನೆಲ ಎಲ್ಲಿದೆ ಮಿಸ್?" ಎಂದು ಅವರು ನಿಂತುಬಿಡುತ್ತಾರೆ. ಇಲ್ಲದ್ದನ್ನು ಇದೆ ಎಂದುಕೊಂಡು, ಅದರ ನಿಯಮ ಮೀರದೆ ಯೋಚಿಸುವ ಅಭ್ಯಾಸ ಅದ್ಭುತ ಕಥೆ ಓದಿದವರಿಗೆ ಮೊದಲೇ ಇರುತ್ತದೆ. ಒಳ್ಳೆಯ ಫ್ಯಾಂಟಸಿಯಲ್ಲಿ ಮನಬಂದಂತೆ ಏನೂ ನಡೆಯುವುದಿಲ್ಲ. ಬಿಂದಿಗೆಗೆ ಉಗುರು ಸೋಕಬಾರದು ಎಂದರೆ ಸೋಕಬಾರದು. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ವಿಕ್ರಮನ ತಲೆ ಸಿಡಿಯಬೇಕು, ಬಾಯಿಬಿಟ್ಟರೆ ಬೇತಾಳ ಮರಕ್ಕೆ ಹಾರಬೇಕು.

ಗ್ರಹಗಳ ಚಲನೆಯ ನಿಯಮಗಳನ್ನು ಕೊಟ್ಟ ಯೋಹಾನಸ್ ಕೆಪ್ಲರ್ 'ಸೋಮ್ನಿಯಂ', ಅಂದರೆ 'ಕನಸು' ಎಂಬ ಕಥೆ ಬರೆದಿದ್ದ. ಐಸ್‌ಲ್ಯಾಂಡಿನ ಹುಡುಗನೊಬ್ಬನಿಗೆ, ಅವನ ತಾಯಿ ಕರೆದ ಒಂದು ಭೂತ ಚಂದ್ರಲೋಕದ ವಿವರ ಹೇಳುವ ಕಥೆ ಅದು. ಚಂದ್ರನ ಮೇಲೆ ನಿಂತರೆ ಭೂಮಿ ಹೇಗೆ ಕಾಣುತ್ತದೆ, ಹಗಲು ಎಷ್ಟು ದೀರ್ಘ ಎಂಬುದನ್ನು ಕೆಪ್ಲರ್ ಲೆಕ್ಕ ಹಾಕಿಯೇ ಬರೆದ. ಭೂಮಿ ಚಲಿಸುತ್ತಿದ್ದರೂ ಅದರ ಮೇಲಿರುವವರಿಗೆ ತಿಳಿಯುವುದಿಲ್ಲ ಎಂದು ಒಪ್ಪಿಸಲು ಅವನಿಗೆ ಕಥೆ ಬೇಕಾಯಿತು. ಹಸ್ತಪ್ರತಿ ಕೈಯಿಂದ ಕೈಗೆ ಹೋಗುತ್ತಿದ್ದ ಕಾಲದಲ್ಲೇ, 1615ರಲ್ಲಿ, ಅವನ ನಿಜವಾದ ತಾಯಿ ಕ್ಯಾಥರೀನಾ ಮೇಲೆ ಮಾಟಗಾತಿ ಎಂಬ ಆರೋಪ ಬಂತು. ಆಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದಳು. ಮಗನೇ ನಿಂತು ವಾದ ಕಟ್ಟಿ 1621ರಲ್ಲಿ ಬಿಡಿಸಿಕೊಂಡ. ತನ್ನ ಕಥೆಯನ್ನು ಜನ ತಪ್ಪಾಗಿ ತಿಳಿದದ್ದೂ ಆ ಸಂಕಟಕ್ಕೆ ಸೇರಿತ್ತು ಎಂದು ಅವನು ನಂಬಿದ್ದ. ಪುಸ್ತಕ ಅಚ್ಚಾದದ್ದು 1634ರಲ್ಲಿ, ಅವನು ಸತ್ತ ಮೇಲೆ.

ಈ ಪ್ರಸಂಗವನ್ನು ಫ್ಯಾಂಟಸಿಯ ವಿರುದ್ಧ ಸಾಕ್ಷಿಯಾಗಿ ಬಳಸಬಹುದು ಎಂದು ಯಾರಾದರೂ ಹೇಳಬಹುದು. ನನಗೆ ಕಾಣುವುದು ಬೇರೆ. ಕಥೆ ಬರೆದವನೇ ಸೌರವ್ಯೂಹವನ್ನು ಅರ್ಥಮಾಡಿಕೊಂಡ. ಮುದುಕಿಯೊಬ್ಬಳನ್ನು ಸೆರೆಗೆ ಹಾಕಿಸಿದವರು ಕಥೆಯನ್ನು ಕಥೆ ಎಂದು ಓದಲು ಬಾರದವರು.

ಕಥೆ, ನಂಬಿಕೆ, ಮೋಸ

ಇಲ್ಲಿ ನಮ್ಮ ಸೀಮೆಯ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಹಲಗೂರು ಸಿಗುತ್ತದೆ. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಿಕೊಂಡು ಪಾಂಚಾಳರ ಬಳಿಗೆ ಬರುವುದು ಈ ಊರಿಗೇ. ಅವರು ಕೊಡಲೊಲ್ಲದೆ ಒಡ್ಡುವ ಪರೀಕ್ಷೆಗಳು, ಅವನು ಅವನ್ನು ಗೆಲ್ಲುವ ಪವಾಡಗಳು ಯಾವ ದೇಶದ ಫ್ಯಾಂಟಸಿಗೂ ಕಡಿಮೆಯಲ್ಲ. ಹುಲಿಯ ಮೇಲೆ ಸವಾರಿ ಮಾಡುವ ಮಾದಪ್ಪ, ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯ ಕಥೆಯೂ ಹಾಗೆಯೇ. ಆದರೆ ನಮ್ಮ ತರಗತಿಯ ಎಷ್ಟೋ ಮಕ್ಕಳ ಮನೆಯಲ್ಲಿ ಮಾದಪ್ಪನೂ ಸಿದ್ದಪ್ಪಾಜಿಯೂ ಕಥೆಯ ಪಾತ್ರಗಳಲ್ಲ, ಒಕ್ಕಲಿನ ದೇವರು. ಅಂಥ ಮಗುವಿನ ಮುಂದೆ 'ಇದೂ ಒಂದು ಫ್ಯಾಂಟಸಿ' ಎಂದು ಪಟ್ಟಿಗೆ ಸೇರಿಸುವುದು ಒರಟುತನ. 'ಇದು ನಿಜವೇ ಸುಳ್ಳೇ?' ಎಂದು ತರಗತಿಯಲ್ಲಿ ಕೇಳುವುದು ಇನ್ನೂ ಒರಟುತನ.

ಹಾಗಾದರೆ ಮಗುವಿಗೆ ಯಾವ ಒರೆಗಲ್ಲು ಕೊಡಬೇಕು? ಪ್ರತಿಯೊಂದೂ ನಮ್ಮಿಂದ ಏನನ್ನು ಕೇಳುತ್ತದೆ ಎಂದು ನೋಡಲು ಹೇಳೋಣ. ಕಥೆ ಕೇಳುವುದು ಸ್ವಲ್ಪ ಹೊತ್ತಿನ ಊಹೆಯನ್ನು. ಪುಸ್ತಕ ಮುಚ್ಚಿದರೆ ಮುಗಿಯಿತು. ನಂಬಿಕೆ ಕೇಳುವುದು ಗೌರವವನ್ನು, ಅದು ಮನೆಯವರ ಜೊತೆ ಬೆಳೆದು ಬಂದದ್ದು. ನಿಂಬೆಹಣ್ಣು ಮಂತ್ರಿಸಿ ಕೊಡುವವನು ಕೇಳುವುದು ದುಡ್ಡನ್ನು, ಜೊತೆಗೆ ಆಸ್ಪತ್ರೆಗೆ ಹೋಗಬೇಡ ಎನ್ನುತ್ತಾನೆ. ವಿಜ್ಞಾನ ಶಿಕ್ಷಕರ ಜಗಳ ಮೂರನೆಯದರ ಜೊತೆಗೆ. ಆ ಜಗಳದಲ್ಲಿ ಬೇತಾಳನ ಕಥೆ ಓದಿದ ಮಗು ನಮ್ಮ ಪಕ್ಷದಲ್ಲೇ ಇರುತ್ತದೆ. ಕಥೆಗೆ ಒಂದು ಶುರು, ಒಂದು ಕೊನೆ, ಒಬ್ಬ ಹೇಳುವವನು ಇರುತ್ತಾನೆ ಎಂಬುದು ಅದಕ್ಕೆ ಗೊತ್ತಿರುತ್ತದೆ. ಕಥೆಯನ್ನು ಕಥೆಯಲ್ಲ ಎಂದು ಮಾರಲು ಬಂದವನನ್ನು ಅದು ಬೇಗ ಗುರುತಿಸುತ್ತದೆ.

ಶಿಕ್ಷಣತಜ್ಞರ ನಡುವಿನ ಜಗಳ

ಇದು ಹೊಸ ಚರ್ಚೆಯೇನಲ್ಲ. ಚಿಕ್ಕ ಮಕ್ಕಳಿಗೆ ಯಕ್ಷಿಣಿಯ ಕಥೆ ಬೇಡ, ನಿಜವಾದ ವಸ್ತುಗಳ ಅನುಭವ ಬೇಕು ಎಂದವರು ಮಾರಿಯಾ ಮಾಂಟೆಸ್ಸರಿ. ದೊಡ್ಡವರು ಹೇಳಿದ್ದನ್ನೆಲ್ಲ ನಂಬುವ ಮಗುವಿನ ಗುಣವನ್ನೇ ನಾವು ಕಲ್ಪನಾಶಕ್ತಿ ಎಂದು ತಪ್ಪು ತಿಳಿಯುತ್ತೇವೆ ಎಂಬುದು ಅವರ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಆದರೆ ಅವರ ಆಕ್ಷೇಪ ಆರು ವರ್ಷದೊಳಗಿನವರ ಬಗ್ಗೆ. ಅದಕ್ಕಿಂತ ದೊಡ್ಡ ಮಕ್ಕಳ ಕಲಿಕೆಗೆ ಕಲ್ಪನೆಯೇ ಮುಖ್ಯ ಸಾಧನ ಎಂದು ಅವರೇ ಹೇಳಿದ್ದಾರೆ. ನಮ್ಮ ಮುಂದಿರುವುದು ಹನ್ನೊಂದರಿಂದ ಹದಿನಾರರ ಮಕ್ಕಳು.

ಮಾಂಟೆಸ್ಸರಿಯಿಂದ ಪ್ರಭಾವಿತರಾಗಿದ್ದ ಗಿಜುಭಾಯಿ ಬಧೇಕಾ ಕಥೆಯ ವಿಷಯದಲ್ಲಿ ಬೇರೆ ದಾರಿ ಹಿಡಿದರು. ಅವರ 'ದಿವಾಸ್ವಪ್ನ'ದ ಶಿಕ್ಷಕ ಲಕ್ಷ್ಮೀರಾಮ್, ಗದ್ದಲದ ತರಗತಿಯನ್ನು ಮೌನದ ಆಟದಿಂದ ಹತೋಟಿಗೆ ತರಲು ಹೋಗಿ ಸೋಲುತ್ತಾನೆ. ಗೆಲ್ಲುವುದು ರಾಜರ ಕಥೆ ಹೇಳಲು ಶುರುಮಾಡಿದಾಗ. ಸೋವಿಯತ್ ರಷ್ಯಾದಲ್ಲಿ 1920ರ ದಶಕದಲ್ಲಿ ಈ ಜಗಳ ಇನ್ನೂ ತೀವ್ರವಾಗಿತ್ತು. ಮಾಯಾ ಕಥೆಗಳು ಮಕ್ಕಳನ್ನು ವಾಸ್ತವದಿಂದ ದೂರ ಮಾಡುತ್ತವೆ ಎಂದು ವಾದಿಸುವವರ ವಿರುದ್ಧ ಮಕ್ಕಳ ಕವಿ ಕೊರ್ನಿ ಚುಕೋವ್‌ಸ್ಕಿ ನಿಂತರು. ಮಗನಿಗೆ ಒಂದೂ ಮಾಯಾ ಕಥೆ ಹೇಳದೆ ಬೆಳೆಸಿದ ವಿದ್ಯಾವಂತ ತಾಯಿಯೊಬ್ಬರ ದಿನಚರಿಯನ್ನು ಅವರು ತಮ್ಮ ಪುಸ್ತಕದಲ್ಲಿ ಪರಿಶೀಲಿಸುತ್ತಾರೆ. ಆ ಹುಡುಗ ಕೊನೆಗೆ ತಾನೇ ಕಥೆ ಕಟ್ಟತೊಡಗಿದ್ದ. ಅವನ ಕೋಣೆಯಲ್ಲಿ ಕೆಂಪು ಆನೆ ವಾಸಕ್ಕೆ ಬಂದಿತ್ತು.

ನಾವು ಶೈಕ್ಷಣಿಕ ಮನೋವಿಜ್ಞಾನದಲ್ಲಿ ಓದುವ ವೈಗೋಟ್‌ಸ್ಕಿ 1930ರಲ್ಲಿ ಇದೇ ವಿಷಯ ಬರೆದರು. ಕಲ್ಪನೆ ಶೂನ್ಯದಿಂದ ಹುಟ್ಟುವುದಿಲ್ಲ, ಅನುಭವದ ತುಣುಕುಗಳನ್ನು ಹೊಸದಾಗಿ ಜೋಡಿಸುತ್ತದೆ ಎಂದರು. ಕೋಳಿಯ ಕಾಲಿನ ಮೇಲೆ ನಿಂತ ಗುಡಿಸಲು ಎಲ್ಲೂ ಇಲ್ಲ, ಆದರೆ ಕೋಳಿಕಾಲೂ ಇದೆ, ಗುಡಿಸಲೂ ಇದೆ. ಹಾಗಾದರೆ ರೇಷ್ಮೆಮನೆ, ಆನೆ ಬಂದು ಹೋದ ರಾಗಿ ಹೊಲ, ಬಂಡೆಬೆಟ್ಟಗಳ ಅನುಭವ ಇರುವ ನಮ್ಮ ಮಕ್ಕಳ ಬಳಿ ಕಲ್ಪನೆಗೆ ಸಾಮಗ್ರಿ ಬೇಕಾದಷ್ಟಿದೆ. ಕೊರತೆ ಇರುವುದು ಪುಸ್ತಕದ್ದು.

ಯಾರ ಕೈಗೆ ಯಾವುದು

ಕನ್ನಡದಲ್ಲಿ ಚಿಕ್ಕವರಿಗೆ ಬೇಕಾದಷ್ಟಿದೆ. ರಾಮನಗರದಲ್ಲೇ ಹುಟ್ಟಿದ ಜಿ.ಪಿ. ರಾಜರತ್ನಂ ಅವರ ಮಾತಾಡುವ ನಾಯಿಮರಿಯಿಂದಲೇ ಶುರುಮಾಡಬಹುದು. ಐದು-ಆರನೇ ತರಗತಿಗೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇದೆ. ಬ್ರೌನಿಂಗ್ ಕವಿಯ ಕಥೆಯನ್ನು ಅವರು ಮಲೆನಾಡಿಗೆ ತಂದು ನಮ್ಮದೇ ಮಾಡಿದರು. ಇಲಿ ಓಡಿಸಿಕೊಂಡು ಕೊಟ್ಟ ಮಾತಿಗೆ ತಪ್ಪಿದ್ದು ದೊಡ್ಡವರು, ಬೆಲೆ ತೆತ್ತದ್ದು ಮಕ್ಕಳು. ಇದು ಸರಿಯೇ ಎಂದು ಕೇಳಿ ನೋಡಿ, ಅವಧಿ ಸಾಲುವುದಿಲ್ಲ. ನಾ. ಕಸ್ತೂರಿಯವರು ಆಲಿಸ್‌ಳ ಕಥೆಯನ್ನು 'ಪಾತಾಳದಲ್ಲಿ ಪಾಪಚ್ಚಿ' ಎಂದು ಕನ್ನಡಕ್ಕೆ ತಂದರು. ಮಾತಿನ ಜ್ಞಾನ ಚುರುಕಾಗಿರುವ ಮಕ್ಕಳಿಗೆ ಅದು ಹೇಳಿಮಾಡಿಸಿದಂತಿದೆ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೂ ಬಂದ 'ಚಂದಮಾಮ' ಈಗ ನಿಂತಿದೆ. ಆದರೂ ಹಳೆಯ ಸಂಚಿಕೆಗಳು ಊರಿನ ಯಾವುದಾದರೂ ಅಟ್ಟದ ಮೇಲೆ ಸಿಕ್ಕರೆ ಬಿಡಬೇಡಿ. ಬೇತಾಳನ ಪ್ರತಿ ಕಥೆಯೂ ತರ್ಕದ ಪ್ರಶ್ನೆಯೊಂದಿಗೆ ಮುಗಿಯುತ್ತದೆ.

ಕಷ್ಟ ಇರುವುದು ಎಂಟರಿಂದ ಹತ್ತನೇ ತರಗತಿಯವರಿಗೆ. ಮಕ್ಕಳ ಪದ್ಯ ಮತ್ತು ಅಜ್ಜಿಕಥೆ ಮುಗಿದ ಮೇಲೆ ನಮ್ಮಲ್ಲಿ ನೇರವಾಗಿ ದೊಡ್ಡವರ ಕಾದಂಬರಿ ಬರುತ್ತದೆ. ಇಂಗ್ಲಿಷಿನಲ್ಲಿ ಈ ವಯಸ್ಸಿಗೆಂದೇ ಬೀರುಗಟ್ಟಲೆ ಇರುವ ಫ್ಯಾಂಟಸಿ ಕಾದಂಬರಿಗಳು ಕನ್ನಡದಲ್ಲಿ ತೀರ ಕಡಿಮೆ. ಈ ನಡುವಿನ ಕಂದಕಕ್ಕೆ ನನ್ನ ಮೊದಲ ಶಿಫಾರಸು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಅದನ್ನು ಫ್ಯಾಂಟಸಿ ಎನ್ನಲಾಗದು. ಆದರೆ ಹಾರುವ ಓತಿಯೊಂದನ್ನು ಹುಡುಕಿಕೊಂಡು ವಿಜ್ಞಾನಿ, ಕೃಷಿಕ, ಹಳ್ಳಿಯ ಮಂದಣ್ಣ ಕಾಡಿಗೆ ಹೋಗುವ ಆ ಕಥೆ ಓದಿದವರಿಗೆ ಬೆರಗೂ ವಿಜ್ಞಾನವೂ ಬೇರೆಬೇರೆ ಎನಿಸುವುದಿಲ್ಲ. ಹತ್ತನೇ ತರಗತಿ ಮುಗಿಸಿದವರಿಗೆ ಕಾರ್ನಾಡರ 'ನಾಗಮಂಡಲ' ಕೊಡಬಹುದು. ಚಂದ್ರಶೇಖರ ಕಂಬಾರರ 'ಸಿರಿಸಂಪಿಗೆ'ಯನ್ನೂ ಆಗಲೇ ಕೊಡಬಹುದು. ಓದು ಇನ್ನೂ ಹಿಡಿತಕ್ಕೆ ಬಾರದ ದೊಡ್ಡ ಮಕ್ಕಳಿಗೆ ಬಿ.ವಿ. ಕಾರಂತರ 'ಪಂಜರ ಶಾಲೆ' ನಾಟಕವನ್ನು ಗಟ್ಟಿಯಾಗಿ ಓದಿಸಿ. ಟ್ಯಾಗೋರರ ಗಿಳಿಯ ಕಥೆಯಿಂದ ಬಂದ ಈ ನಾಟಕದಲ್ಲಿ ಗಿಳಿಗೆ ವಿದ್ಯೆ ಕಲಿಸಲೆಂದು ಪುಸ್ತಕದ ಹಾಳೆ ತುರುಕುತ್ತಾರೆ. ನಾವು ಪ್ರಶಿಕ್ಷಣಾರ್ಥಿಗಳೂ ಓದಬೇಕಾದದ್ದು.

ಪುಸ್ತಕ ಕೊಳ್ಳಲು ಹಣವಿಲ್ಲ ಎಂಬ ಮಾತಿಗೂ ಉತ್ತರಗಳಿವೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ನಮ್ಮ ರಾಮನಗರದಲ್ಲೇ ಇದೆ. ಶಾಲಾ ಪ್ರವಾಸವನ್ನು ಅಲ್ಲಿಗೆ ಇಟ್ಟುಕೊಂಡರೆ ಕಥೆಗಳ ತೊಗಲುಗೊಂಬೆಗಳನ್ನು ಮಕ್ಕಳು ಕಣ್ಣಾರೆ ನೋಡಬಹುದು.

ಕೊಡುವ ಕ್ರಮ

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದಿಂದ ಕೆಲವು ಮಾತು. ನಾವು ಓದದ ಪುಸ್ತಕವನ್ನು ಶಿಫಾರಸು ಮಾಡಬಾರದು. ಮಕ್ಕಳು ಎರಡೇ ಪ್ರಶ್ನೆಯಲ್ಲಿ ಕಂಡುಹಿಡಿಯುತ್ತಾರೆ. 'ಓದಿ, ಚೆನ್ನಾಗಿದೆ' ಎನ್ನುವುದಕ್ಕಿಂತ ಹತ್ತು ನಿಮಿಷ ಗಟ್ಟಿಯಾಗಿ ಓದಿ, ಬಿಡಲಾಗದ ಜಾಗದಲ್ಲಿ ನಿಲ್ಲಿಸಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಬನ್ನಿ. ತರಗತಿಯ ಮೆಟ್ಟಿಲು ನೋಡಿ ಕೊಡಬೇಡಿ, ಓದುಗರನ್ನು ನೋಡಿ ಕೊಡಿ. ಎಂಟನೇ ತರಗತಿಯಲ್ಲಿದ್ದೂ ತಡವರಿಸಿ ಓದುವ ಹುಡುಗನಿಗೆ ಎಲ್ಲರೆದುರು ಪುಟ್ಟ ಮಕ್ಕಳ ಪುಸ್ತಕ ಕೊಟ್ಟರೆ ಅವನು ಮತ್ತೆ ಬೀರುವಿನ ಹತ್ತಿರ ಬರುವುದಿಲ್ಲ. ಅದನ್ನೇ 'ನಿನ್ನ ತಂಗಿಗೆ ಓದಿ ಹೇಳು' ಎಂದು ಕೊಟ್ಟರೆ ಎರಡು ಸಲ ಓದುತ್ತಾನೆ.

'ಈ ಕಥೆಯ ನೀತಿ ಏನು?' ಎಂಬ ಪ್ರಶ್ನೆಯನ್ನು ಸ್ವಲ್ಪ ಕಾಲ ರಜೆಗೆ ಕಳಿಸೋಣ. 'ಈ ಲೋಕದಲ್ಲಿ ಏನು ಸಾಧ್ಯ, ಏನು ಅಸಾಧ್ಯ? ಆ ನಿಯಮ ಎಲ್ಲಾದರೂ ಮುರಿಯಿತೇ?' ಎಂದು ಕೇಳೋಣ. ವರದಿ ಬರೆಸುವುದು, ಅದಕ್ಕೆ ಅಂಕ ಕೊಡುವುದು ಬೇಡ. ಹಳೆಯ ಕಥೆಗಳಲ್ಲಿ ರಾಕ್ಷಸ ಎಂದರೆ ಕಪ್ಪು ಮೈ, ಮಲತಾಯಿ ಎಂದರೆ ಕೆಟ್ಟವಳು, ರಾಜಕುಮಾರಿ ಎಂದರೆ ಗೆದ್ದವನಿಗೆ ಬಹುಮಾನ. ಇಂಥವನ್ನು ಬಚ್ಚಿಡುವುದಕ್ಕಿಂತ ಜೊತೆಯಲ್ಲಿ ಓದಿ, ಯಾರ ಕಡೆಯಿಂದ ಕಥೆ ಹೇಳಲಾಗಿದೆ ಎಂದು ಕೇಳುವುದು ಮೇಲು. ರಾಕ್ಷಸನ ಕಡೆಯಿಂದ ಕಥೆ ಹೇಳಿ ಎಂದರೆ ಮಕ್ಕಳು ಬಹಳ ಚೆನ್ನಾಗಿ ಹೇಳುತ್ತಾರೆ.

ನಮ್ಮ ಅಧ್ಯಾಪಕರಲ್ಲಿಯೂ ಒಂದು ಬೇಡಿಕೆ ಇದೆ. ಬೋಧನಾಭ್ಯಾಸದ ದಾಖಲೆಯಲ್ಲಿ ಪಾಠಯೋಜನೆ, ಬೋಧನೋಪಕರಣ, ಘಟಕ ಪರೀಕ್ಷೆಗಳಿಗೆ ಜಾಗ ಇದೆ. ಪ್ರತಿ ಪ್ರಶಿಕ್ಷಣಾರ್ಥಿಯೂ, ಯಾವ ವಿಷಯದವರೇ ಆಗಲಿ, ಒಂದು ಕಥೆಪುಸ್ತಕವನ್ನು ತರಗತಿಗೆ ಪರಿಚಯಿಸಿ ಅದರ ಅನುಭವವನ್ನು ಒಂದು ಪುಟದಲ್ಲಿ ಬರೆಯುವಂತೆ ಮಾಡಿದರೆ, ಪ್ರತಿ ವರ್ಷ ನಮ್ಮ ಕಾಲೇಜಿನಲ್ಲೇ ಮಕ್ಕಳ ಮುಂದೆ ಪರೀಕ್ಷೆಗೊಳಗಾದ ಪುಸ್ತಕಗಳ ಪಟ್ಟಿಯೊಂದು ಬೆಳೆಯುತ್ತದೆ. ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಹೊಸ ಸುತ್ತೋಲೆಯೂ ಬೇಕಿಲ್ಲ.

ರಾಮಾನುಜನ್ ಸಂಗ್ರಹದಲ್ಲೇ ಇನ್ನೊಂದು ಕಥೆಯಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಅವಳು ಮಲಗಿದ್ದಾಗ ಹೊರಬಂದು, ಬಾಗಿಲ ಬಳಿ ಜೋಡು ಮತ್ತು ಅಂಗಿಯಾಗಿ ಕೂತವು. ಗಂಡ ಇವು ಯಾರವು ಎಂದು ಸಂಶಯಪಟ್ಟು ಮನೆಯಲ್ಲಿ ಜಗಳವಾಯಿತು. ನಮ್ಮ ಬೀರುಗಳಲ್ಲಿಯೂ ಹಾಗೆ ಉಸಿರುಗಟ್ಟಿದ ಕಥೆಗಳಿವೆ. ಮುಂದಿನ ತಂಡ ಬೋಧನಾಭ್ಯಾಸಕ್ಕೆ ಹೊರಡುವಾಗ ಚಾರ್ಟು, ಮಾದರಿಗಳ ಜೊತೆ ತಾವು ಓದಿ ಮೆಚ್ಚಿದ ಒಂದು ಕಥೆಪುಸ್ತಕವನ್ನೂ ಚೀಲಕ್ಕೆ ಹಾಕಿಕೊಳ್ಳಲಿ. ವಿಜ್ಞಾನದವರು ಮರೆಯದೆ ಹಾಕಿಕೊಳ್ಳಲಿ.